ಎದೆಯ ಮೇಲೆ ಯಾರ ಮುಖ?



ಹೋದ ವರ್ಷ ಹಬ್ಬದ ವಾಲಿಬಾಲ್ ಪಂದ್ಯದಲ್ಲಿ ನಮ್ಮ ಯುವಜನ ಸಂಘದ ಹುಡುಗರು ತೊಟ್ಟಿದ್ದ ನೀಲಿ ಜೆರ್ಸಿಯನ್ನು ನೀವೆಲ್ಲ ನೋಡಿದ್ದೀರಿ. ಎದೆಯ ಮೇಲೆ ಅಂಗೈ ಅಗಲಕ್ಕೆ, ಕೈ ಮುಗಿದು ನಗುತ್ತಿರುವ ಒಬ್ಬ ಮುಖಂಡರ ಭಾವಚಿತ್ರ. ನಮ್ಮ ದೇವಾಲಯದ ಹೆಸರು ಬೆನ್ನ ಮೇಲೆ, ಕಾಲರಿನ ಕೆಳಗೆ, ಹತ್ತಿರ ಹೋಗಿ ಓದಬೇಕಾದಷ್ಟು ಸಣ್ಣದಾಗಿ. ಇಪ್ಪತ್ತನಾಲ್ಕು ಜೆರ್ಸಿ, ಮೊದಲ ಬಹುಮಾನದ ಹಣ, ಶಾಮಿಯಾನದ ಬಾಡಿಗೆ ಎಲ್ಲವನ್ನೂ ಅವರೇ ಕೊಟ್ಟರು. ಅವರು ಕೇಳಿದ್ದು ಎರಡೇ: ಜೆರ್ಸಿಯ ಮೇಲೆ ಚಿತ್ರ, ಗೇಟಿನ ಪಕ್ಕ ಒಂದು ಫ್ಲೆಕ್ಸ್. ನಾವು ಸಂತೋಷದಿಂದಲೇ ಒಪ್ಪಿಕೊಂಡೆವು. ಇಷ್ಟು ಅನುಕೂಲವಾಗಿ ಯಾವ ವರ್ಷವೂ ಪಂದ್ಯ ನಡೆದಿರಲಿಲ್ಲ.

ಎರಡು ತಿಂಗಳ ನಂತರ ಅವರ ಕಡೆಯವರು ಫೋನ್ ಮಾಡಿದರು. ಮೆರವಣಿಗೆ ಇದೆ, ಹುಡುಗರನ್ನು ಅದೇ ಜೆರ್ಸಿಯಲ್ಲಿ ಕಳಿಸಿಕೊಡಿ ಎಂದರು. ನಾವು ಹೆಚ್ಚು ಯೋಚಿಸದೆ ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಟ್ಟೆವು. ಹದಿನಾಲ್ಕು ಮಂದಿ ಹೋದರು. ಹೋದವರ ಮನೆಗಳಿಗೂ, ಇನ್ನೊಂದು ಪಕ್ಷದಲ್ಲಿ ದುಡಿಯುವ ಒಂದು ಮನೆಗೂ ಅಂದಿನಿಂದ ಮಾತು ನಿಂತಿದೆ. ಬಲಿಪೂಜೆಯಲ್ಲಿ ಶಾಂತಿ ಹಂಚಿಕೊಳ್ಳುವ ಹೊತ್ತಿಗೆ ಒಂದೇ ಬೆಂಚಿನವರು ಆಚೆ ಈಚೆ ತಿರುಗಿಕೊಳ್ಳುವುದನ್ನು ನಾವು ಕಣ್ಣಾರೆ ನೋಡುತ್ತಿದ್ದೇವೆ. ಆ ಸಂದೇಶ ಹಾಕಿದ ಬೆರಳು ನಮ್ಮದೇ. ಅದನ್ನು ಇಲ್ಲಿ ಬರೆದೇ ಮುಂದಕ್ಕೆ ಹೋಗಬೇಕು.

ಈ ವರ್ಷವೂ ಅದೇ ಕೊಡುಗೆ ಬಂದಿದೆ. ಸಂಘದ ಸಭೆಯಲ್ಲಿ ರಾತ್ರಿ ಒಂಬತ್ತರವರೆಗೂ ವಾದ ನಡೆಯಿತು. ತಮಾಷೆ ಏನೆಂದರೆ, ಬೇಕು ಎಂದವರೂ ಬೇಡ ಎಂದವರೂ ಹಿಡಿದದ್ದು ಶುಭಸಂದೇಶದ ಒಂದೇ ಪ್ರಸಂಗವನ್ನು: ಕೈಸರನಿಗೆ ಸಲ್ಲಬೇಕಾದದ್ದು ಮತ್ತು ದೇವರಿಗೆ ಸಲ್ಲಬೇಕಾದದ್ದು. ಒಂದೇ ಮಾತು ಎರಡು ಕಡೆಗೂ ಸಾಕ್ಷಿ ಹೇಳುವುದಾದರೆ, ನಾವು ಅದನ್ನು ಸರಿಯಾಗಿ ಕೇಳಿಸಿಕೊಂಡಿದ್ದೇವೆಯೇ ಎಂಬ ಅನುಮಾನ ಬಂತು. ಆದ್ದರಿಂದ ಮಾತನ್ನು ಸ್ವಲ್ಪ ಪಕ್ಕಕ್ಕಿಟ್ಟು, ಅಂದು ಪ್ರಭುವಿಗೆ ತೋರಿಸಿದ ಆ ನಾಣ್ಯವನ್ನೇ ಕೈಗೆತ್ತಿಕೊಂಡು ನೋಡೋಣ ಎಂದುಕೊಂಡೆವು.

ಮತ್ತಾಯ, ಮಾರ್ಕ, ಲೂಕ ಮೂವರೂ ಈ ಪ್ರಸಂಗವನ್ನು ಹೇಳುತ್ತಾರೆ. ಸಾಧಾರಣ ಕಾಲದ 29ನೇ ಭಾನುವಾರ, 'ಎ' ವರ್ಷದಲ್ಲಿ, ಪೂಜೆಯಲ್ಲಿ ಇದನ್ನು ಕೇಳುತ್ತೇವೆ. ಜುದೇಯ ನಾಡು ಕ್ರಿ.ಶ. 6ರಲ್ಲಿ ರೋಮಿನ ನೇರ ಆಡಳಿತಕ್ಕೆ ಬಂತು. ತೆರಿಗೆಗಾಗಿ ಜನಗಣತಿ ನಡೆಯಿತು. ಗಲಿಲೇಯದ ಯೂದನೆಂಬವನು ಅದನ್ನು ವಿರೋಧಿಸಿ ದಂಗೆ ಎದ್ದ. ಆ ಗಾಯ ಇನ್ನೂ ಹಸಿಯಾಗಿದ್ದ ಕಾಲದಲ್ಲಿ, ತೆರಿಗೆ ಕೊಡುವುದು ಸರಿಯೋ ತಪ್ಪೋ ಎಂದು ಯೇಸುಸ್ವಾಮಿಯನ್ನು ಕೇಳುತ್ತಾರೆ. ಸರಿ ಎಂದರೆ ಜನರು ಬಿಡುವುದಿಲ್ಲ, ತಪ್ಪು ಎಂದರೆ ರಾಜ್ಯಪಾಲ ಬಿಡುವುದಿಲ್ಲ. ಸ್ವಾಮಿ ತಮ್ಮ ಜೇಬಿನಿಂದ ನಾಣ್ಯ ತೆಗೆಯುವುದಿಲ್ಲ. ತೋರಿಸಿರಿ ಎಂದು ಅವರನ್ನೇ ಕೇಳುತ್ತಾರೆ. ಪ್ರಶ್ನೆ ಕೇಳಿದವರ ಬಳಿಯೇ ಅದು ಸಿಗುತ್ತದೆ, ಅದೂ ಮಹಾದೇವಾಲಯದ ಆವರಣದಲ್ಲಿ.

ಆ ನಾಣ್ಯದ ಹೆಸರು ದೆನಾರಿಯಸ್. ಹೋದ ಬೇಸಿಗೆಯಲ್ಲಿ ಸಂತ ತೋಮಾಸರ ಸಮಾಧಿಯ ದರ್ಶನಕ್ಕೆಂದು ಚೆನ್ನೈಗೆ ಹೋಗಿದ್ದ ನಾವು ಎಗ್ಮೋರ್ ವಸ್ತುಸಂಗ್ರಹಾಲಯದಲ್ಲಿ ರೋಮನ್ ನಾಣ್ಯಗಳನ್ನು ನೋಡಿದೆವು. ಮೊದಲು ಅನಿಸಿದ್ದು, ಇಷ್ಟು ಚಿಕ್ಕದೇ ಎಂದು. ಎರಡು ಸೆಂಟಿಮೀಟರಿಗೂ ಕಡಿಮೆ ಅಗಲ. ತೂಕ ಸುಮಾರು 3.8 ಗ್ರಾಂ, 2011ರಲ್ಲಿ ಬಂದ ನಮ್ಮ ಒಂದು ರೂಪಾಯಿ ನಾಣ್ಯವೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಆದರೆ ಅದರ ಬೆಲೆ ಒಬ್ಬ ಆಳಿನ ಒಂದು ದಿನದ ಕೂಲಿ. ದ್ರಾಕ್ಷಿತೋಟದ ಆಳುಗಳ ಸಾಮತಿಯಲ್ಲಿ ಮುಂಜಾನೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಯಜಮಾನ ಕೊಟ್ಟದ್ದು ಇದನ್ನೇ. ದಯಾವಂತ ಸಮಾರ್ಯನು ಗಾಯಾಳುವಿನ ಆರೈಕೆಗೆಂದು ಛತ್ರದವನ ಕೈಗಿಟ್ಟದ್ದು ಇಂಥ ಎರಡು. ರೋಮನ್ ಸಿಪಾಯಿಯೊಬ್ಬನ ವರ್ಷದ ಸಂಬಳ ಆಗ 225 ದೆನಾರಿಯಸ್.

ಪ್ರಭುವಿಗೆ ತೋರಿಸಿದ್ದು ತಿಬೇರಿಯ ಚಕ್ರವರ್ತಿಯ ನಾಣ್ಯವಿರಬೇಕೆಂದು ವಿದ್ವಾಂಸರಲ್ಲಿ ಹೆಚ್ಚಿನವರು ಎಣಿಸುತ್ತಾರೆ. ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಈಗಿನ ಫ್ರಾನ್ಸಿನ ಲಿಯೋನ್ ನಗರದ ಟಂಕಸಾಲೆಯಲ್ಲಿ ಈ ನಾಣ್ಯ ರಾಶಿ ರಾಶಿಯಾಗಿ ತಯಾರಾಯಿತು. ಒಂದು ಬದಿಯಲ್ಲಿ ಎಲೆಯ ಕಿರೀಟ ತೊಟ್ಟ ತಿಬೇರಿಯನ ತಲೆ, ಸುತ್ತಲೂ ಬರಹ: ದೈವತ್ವಕ್ಕೇರಿದ ಅಗಸ್ಟಸನ ಮಗ ಎಂದು. ಇನ್ನೊಂದು ಬದಿಯಲ್ಲಿ ಕೈಯಲ್ಲಿ ರಾಜದಂಡ, ಕೊಂಬೆ ಹಿಡಿದು ಕುಳಿತ ಹೆಂಗಸು. ಶಾಂತಿದೇವತೆಯ ರೂಪದಲ್ಲಿ ಅವನ ತಾಯಿ ಲಿವಿಯಾ ಎಂದು ಹಲವರು ಹೇಳುತ್ತಾರೆ. ಅವಳ ಸುತ್ತ 'ಮಹಾಯಾಜಕ' ಎಂಬ ಬಿರುದು. ಶತಮಾನಗಳು ಕಳೆದ ಮೇಲೆ ಇದೇ ಲತೀನ್ ಬಿರುದು ನಮ್ಮ ಪೋಪರ ಹೆಸರಿನ ಜೊತೆ ಶಿಲಾಶಾಸನಗಳಲ್ಲಿ ಬಂದು ಕುಳಿತದ್ದು ಬೇರೆಯೇ ಕಥೆ.

ಎರಡು ಸೆಂಟಿಮೀಟರಿನ ಬೆಳ್ಳಿಯಲ್ಲಿ ಎಷ್ಟು ಹಕ್ಕು ಸಾಧಿಸಿದ್ದಾರೆ ನೋಡಿ. ಇವನು ದೇವರ ಮಗ, ಇವನು ಯಾಜಕ, ಶಾಂತಿ ಕೊಡುವವರು ಇವನ ಮನೆಯವರು. ಜುದೇಯದ ಜನ ಮಾತಾಡುತ್ತಿದ್ದದ್ದು ಅರಮಾಯಿಕ್, ಓದಬಲ್ಲವರು ಓದುತ್ತಿದ್ದದ್ದು ಹೀಬ್ರೂ, ಗ್ರೀಕ್. ನಾಣ್ಯದ ಲತೀನನ್ನು ಓದಬಲ್ಲವರು ಅಲ್ಲಿ ಕೆಲವರೇ ಇದ್ದಿರಬೇಕು. ಓದಲು ಬಾರದಿದ್ದರೂ ಮುಖ ಗೊತ್ತಾಗುತ್ತದೆ, ಮುಖದ ಕೆಲಸವೇ ಅದು. ದಿಂಬಂ ಘಾಟಿಯ ಮೇಲಿನ ನಮ್ಮ ಹಳ್ಳಿಗಳವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ತಮಿಳಿನಲ್ಲಿ ಬಂದ ಸರ್ಕಾರದ ಕಾಗದವನ್ನು ನಮ್ಮ ಅಜ್ಜಿಯರು ಇನ್ನೊಬ್ಬರಿಂದ ಓದಿಸಿಕೊಳ್ಳುತ್ತಾರೆ. ಫ್ಲೆಕ್ಸಿನಲ್ಲಿರುವವರು ಯಾರು ಎಂದು ಮಾತ್ರ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬದುಕಿರುವ ಮನುಷ್ಯನ ಮುಖವನ್ನು ನಾಣ್ಯದ ಮೇಲೆ ಹಾಕುವ ರೂಢಿ ರೋಮಿನಲ್ಲಿ ಮೊದಲಿನಿಂದ ಇದ್ದದ್ದಲ್ಲ. ಗಣರಾಜ್ಯದ ಕಾಲದಲ್ಲಿ ದೇವದೇವಿಯರ ತಲೆ ಇರುತ್ತಿತ್ತು, ಎಂದೋ ಸತ್ತ ಪೂರ್ವಜರದು ಇರುತ್ತಿತ್ತು. ರೋಮ್ ನಗರದ ನಾಣ್ಯದಲ್ಲಿ ಜೀವಂತವಾಗಿದ್ದಾಗಲೇ ಮುಖ ಮೂಡಿಸಿಕೊಂಡ ಮೊದಲಿಗ ಜೂಲಿಯಸ್ ಸೀಸರ್, ಕ್ರಿ.ಪೂ. 44ರ ಆರಂಭದಲ್ಲಿ. ಅದೇ ವರ್ಷ ಮಾರ್ಚ್ 15ರಂದು ಅವನ ಕೊಲೆಯಾಯಿತು. ಇವನು ರಾಜನಾಗಲು ಹೊರಟಿದ್ದಾನೆ, ಪ್ರಜೆಗಳ ಸ್ವಾತಂತ್ರ್ಯ ಹೋಗುತ್ತದೆ ಎಂದೇ ಬ್ರೂಟಸ್ ಮತ್ತು ಸಂಗಡಿಗರು ಕತ್ತಿ ಹಿಡಿದದ್ದು. ಎರಡು ವರ್ಷದ ನಂತರ, ಕ್ರಿ.ಪೂ. 42ರಲ್ಲಿ, ಆ ಬ್ರೂಟಸನೇ ಒಂದು ಬೆಳ್ಳಿ ನಾಣ್ಯ ಹೊರಡಿಸಿದ. ಹಿಂಬದಿಯಲ್ಲಿ ಎರಡು ಕಠಾರಿ, ನಡುವೆ ಬಿಡುಗಡೆಯಾದ ಗುಲಾಮರು ತೊಡುವ ಟೋಪಿ, ಕೆಳಗೆ ಮಾರ್ಚಿನ ಆ ದಿನದ ಹೆಸರು. ಮುಂಬದಿಯಲ್ಲಿ ಯಾರ ಮುಖ? ಬ್ರೂಟಸನದೇ. ಈ ನಾಣ್ಯದ ಚಿತ್ರವನ್ನು ಸಭೆಯಲ್ಲಿ ಮೊಬೈಲಿನಲ್ಲಿ ತೋರಿಸಿದಾಗ ಮೊದಲು ನಗು ಬಂತು, ಆಮೇಲೆ ಯಾರೂ ನಗಲಿಲ್ಲ. ಯಾಕೆ ಎಂದು ಮುಂದೆ ಹೇಳುತ್ತೇವೆ.

ಈಗ ಸ್ವಾಮಿಯ ಉತ್ತರಕ್ಕೆ ಬರೋಣ. ನಾವು ಸಾಮಾನ್ಯವಾಗಿ ಅದನ್ನು ಎರಡು ಡಬ್ಬಿಗಳ ಲೆಕ್ಕವಾಗಿ ತಿಳಿಯುತ್ತೇವೆ. ರಾಜಕೀಯ, ತೆರಿಗೆ, ದುಡ್ಡು ಒಂದು ಡಬ್ಬಿ. ಪೂಜೆ, ಪ್ರಾರ್ಥನೆ ಇನ್ನೊಂದು. ಒಂದರದ್ದು ಇನ್ನೊಂದಕ್ಕೆ ಬೆರೆಯಬಾರದು, ಅಷ್ಟೇ. ಜೆರ್ಸಿ ಮೊದಲ ಡಬ್ಬಿಯದು, ಹಾಗಾಗಿ ಪಾಪವಲ್ಲ ಎಂದು ನಮ್ಮ ಹುಡುಗರು ವಾದಿಸಿದ್ದು ಈ ಲೆಕ್ಕದ ಮೇಲೆಯೇ. ಆದರೆ ಆ ನಾಣ್ಯವನ್ನು ನೋಡಿದ ಮೇಲೆ ಈ ಲೆಕ್ಕ ಕೂಡುವುದಿಲ್ಲ. ಕೈಸರನೇ ಎರಡು ಡಬ್ಬಿ ಒಪ್ಪಿಕೊಂಡವನಲ್ಲ. ದೇವರ ಮಗ, ಯಾಜಕ ಎಂದು ಎರಡನ್ನೂ ತನ್ನ ಒಂದೇ ಮುಖದ ಹಿಂದೆ ಮುಂದೆ ಬರೆಸಿಕೊಂಡವನು ಅವನು.

ಸ್ವಾಮಿ ಕೇಳಿದ್ದು ರೂಪ ಯಾರದು, ಬರಹ ಯಾರದು ಎಂದು. ಯಾರ ರೂಪವೋ ಅವರ ಸೊತ್ತು ಎಂಬುದು ಆ ಪ್ರಶ್ನೆಯ ಒಳಗಿನ ನ್ಯಾಯ. ಸರಿ, ಬೆಳ್ಳಿಯ ಮೇಲೆ ಕೈಸರನ ರೂಪವಿದೆ, ಅದು ಅವನಿಗೆ ಹೋಗಲಿ. ಹಾಗಾದರೆ ದೇವರ ರೂಪ ಯಾವುದರ ಮೇಲಿದೆ? ಉತ್ತರ ಆದಿಕಾಂಡದ ಮೊದಲ ಅಧ್ಯಾಯದಲ್ಲೇ ಇದೆ. ಕೇಳಿದ ಫರಿಸಾಯರಿಗೆ ಅದು ಬಾಯಿಪಾಠವಾಗಿರಬೇಕು. ಕ್ರಿ.ಶ. 200ರ ಸುಮಾರಿಗೆ ಉತ್ತರ ಆಫ್ರಿಕದ ತೆರ್ತುಲಿಯನ್ ಇದನ್ನು ಬಿಡಿಸಿ ಬರೆದಿದ್ದಾರೆ: ನಾಣ್ಯದಲ್ಲಿರುವ ಕೈಸರನ ರೂಪ ಕೈಸರನಿಗೆ, ಮನುಷ್ಯನಲ್ಲಿರುವ ದೇವರ ರೂಪ ದೇವರಿಗೆ ಎಂಬ ಅರ್ಥದಲ್ಲಿ. ಇದು ಸಮಪಾಲು ಅಲ್ಲ. ತೆರಿಗೆ ಕಟ್ಟುವ ಕೈಯೂ, ತೆರಿಗೆ ಎತ್ತುವ ಕೈಯೂ, ಕೈಸರನೂ ಎರಡನೆಯ ಪಾಲಿಗೇ ಸೇರುತ್ತಾರೆ.

ಇಲ್ಲಿಗೆ ನಿಲ್ಲಿಸಿದ್ದರೆ ಬೇಡ ಎಂದವರು ಗೆದ್ದಂತೆ. ಆದರೆ ನಮ್ಮಲ್ಲೇ ಒಬ್ಬ ಎದ್ದು ಕೇಳಿದ: "ಅಕ್ಕ, ಹಂಗಾದ್ರೆ ಬೇರೆಯವರ ಮುಖ ಇರೋ ದುಡ್ಡು ಮುಟ್ಟೋದೇ ತಪ್ಪಾ? ನೋಟಿನ ಮೇಲೆ ಗಾಂಧೀಜಿ ಇಲ್ವಾ?" ನ್ಯಾಯವಾದ ಪ್ರಶ್ನೆ. ಮುಖಕ್ಕೆ ಹೆದರಿ ಬೆಳ್ಳಿಯನ್ನೇ ಬಿಡಬೇಕು ಎಂದು ಯಾರೂ ಹೇಳಿಲ್ಲ, ಜೆರುಸಲೇಮಿನ ದೇವಾಲಯವೂ ಹೇಳಿರಲಿಲ್ಲ.

ಇದು ನಮಗೆ ಓದುವಾಗಲೇ ಆಶ್ಚರ್ಯ ತಂದ ಸಂಗತಿ. ದೇವಾಲಯದ ವಾರ್ಷಿಕ ಕಾಣಿಕೆಯನ್ನು ತೂರ್ ನಗರದ ಬೆಳ್ಳಿ ನಾಣ್ಯದಲ್ಲಿ ಕೊಡಬೇಕಿತ್ತು. ಆ ನಾಣ್ಯದ ಮೇಲಿದ್ದದ್ದು ಮೆಲ್ಕಾರ್ತ್ ಎಂಬ ತೂರಿನ ದೇವತೆಯ ತಲೆ, ಹಿಂದೆ ಹದ್ದು. ವಿಗ್ರಹ ಕೂಡದು ಎಂಬ ಧರ್ಮದವರು ಅನ್ಯದೇವರ ತಲೆಯಿರುವ ನಾಣ್ಯವನ್ನೇ ಯಾಕೆ ಕೇಳಿದರು? ಅದರ ಬೆಳ್ಳಿ ಶುದ್ಧ, ತೂಕ ನಂಬಿಕಸ್ಥ. ಹಣ ಬದಲಿಸುವವರ ಮೇಜುಗಳು ಅಂಗಳದಲ್ಲಿ ಇದ್ದದ್ದು ಈ ಕೆಲಸಕ್ಕೇ.

ನಮ್ಮ ನಾಡಿನವರೂ ಹಾಗೆಯೇ ಮಾಡಿದರು. ಘಾಟಿಯ ಇಪ್ಪತ್ತೇಳು ತಿರುವು ಇಳಿದು, ಸತ್ಯಮಂಗಲ ದಾಟಿ, ಕೊಯಮತ್ತೂರಿಗೆ ನಾವು ಎಷ್ಟು ಸಲ ಹೋಗಿಲ್ಲ? ಆ ಊರಿನ ಅಂಚಿನ ವೆಳ್ಳಲೂರಿನಲ್ಲಿ 1842ರಲ್ಲಿ ಒಂದು ಮಡಕೆ ಸಿಕ್ಕಿತು. ಒಳಗೆ ಐನೂರಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು, ಹೆಚ್ಚಿನವು ಅಗಸ್ಟಸ್ ಮತ್ತು ತಿಬೇರಿಯನವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಇನ್ನೊಂದು ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅವರಿಬ್ಬರ ನಾಣ್ಯಗಳು ದೊರೆತಿವೆ. ಪಶ್ಚಿಮ ಕರಾವಳಿಯ ಬಂದರಿನಲ್ಲಿ ಮೆಣಸಿಗೆ, ಪಾಲಕ್ಕಾಡ್ ಕಣಿವೆ ದಾಟಿ ಕೊಂಗುನಾಡಿನಲ್ಲಿ ಹಸಿರು ರತ್ನಕ್ಕೆ, ಬಟ್ಟೆಗೆ ಬೆಲೆಯಾಗಿ ಬಂದ ಬೆಳ್ಳಿ ಅದು. ಭಾರತದಲ್ಲಿ ಸಿಕ್ಕ ದೆನಾರಿಯಸ್‌ಗಳಲ್ಲಿ ಎರಡು ಅಚ್ಚುಗಳೇ ಬಹುಪಾಲು. ಅವುಗಳಲ್ಲಿ ಒಂದು, ಮೇಲೆ ಹೇಳಿದ, ಕುಳಿತ ಹೆಂಗಸಿರುವ ತಿಬೇರಿಯನ ನಾಣ್ಯ. ಪ್ರಭುವಿನ ಕಣ್ಣಿಗೆ ಬಿದ್ದಂಥದೇ ನಾಣ್ಯ ನಮ್ಮ ಬಸ್ಸು ಹೋಗುವ ದಾರಿಯ ಮಣ್ಣಿನಲ್ಲಿ ನೂರಾರು ವರ್ಷ ಮಲಗಿತ್ತು ಎಂದರೆ ಮೈ ಜುಮ್ಮೆನ್ನುತ್ತದೆ.

ಇಲ್ಲಿಯ ವ್ಯಾಪಾರಿಗಳು ತಿಬೇರಿಯನ ಪ್ರಜೆಗಳಲ್ಲ. ಅವರಿಗೆ ಅದು ತೂಗಿ ಕೊಳ್ಳುವ ಬೆಳ್ಳಿ. ಕೆಲವರು ತೂತು ಕೊರೆದು ಕೊರಳಿಗೆ ಹಾಕಿಕೊಂಡರು. ಪುದುಕ್ಕೋಟೆಯಲ್ಲಿ 1898ರಲ್ಲಿ ಸಿಕ್ಕ ರೋಮನ್ ಚಿನ್ನದ ನಾಣ್ಯಗಳಲ್ಲಂತೂ ಹೆಚ್ಚಿನವಕ್ಕೆ ಚಕ್ರವರ್ತಿಯ ತಲೆಯ ಮೇಲೆಯೇ ಉಳಿಯ ಏಟು ಬಿದ್ದಿದೆ. ರೋಮಿನ ಪ್ಲಿನಿ ಎಂಬ ಪಂಡಿತ ಒಂದು ಘಟನೆ ಬರೆದಿದ್ದಾನೆ. ಕ್ಲೌದಿಯ ಚಕ್ರವರ್ತಿಯ ಕಾಲದಲ್ಲಿ ರೋಮಿನ ಒಬ್ಬ ಬಿಡುಗಡೆಯಾದ ಗುಲಾಮ ಗಾಳಿಗೆ ಸಿಕ್ಕಿ ಲಂಕೆಯ ತೀರ ಸೇರಿದ. ಅವನ ಬಳಿಯ ನಾಣ್ಯಗಳನ್ನು ಪರೀಕ್ಷಿಸಿದ ಅಲ್ಲಿಯ ರಾಜ, ಮುಖಗಳು ಬೇರೆ ಬೇರೆಯಾದರೂ ತೂಕ ಎಲ್ಲದರದೂ ಒಂದೇ ಇರುವುದನ್ನು ಕಂಡು, ಇವರು ನ್ಯಾಯವಂತರಿರಬೇಕು ಎಂದುಕೊಂಡನಂತೆ. ಆ ರಾಜನನ್ನು ನಾವು ಮೆಚ್ಚಿದೆವು. ಮುಖಕ್ಕೆ ಮರುಳಾಗದೆ ತಕ್ಕಡಿ ಹಿಡಿದವನು.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಎರಡು ವಾರ ಯೋಚಿಸಿ ನಮಗೆ ತೋಚಿದ್ದು ಇಷ್ಟು. ನಾಣ್ಯದ ಮೇಲಿನ ಮುಖ ನಾಣ್ಯದ ಜೊತೆಯೇ ಕೈ ದಾಟಿ ಹೋಗುತ್ತದೆ. ಅಂಗಡಿಯವನಿಗೆ ಕೊಟ್ಟ ಮೇಲೆ ಅದು ನಮ್ಮ ಮೇಲೆ ಉಳಿಯುವುದಿಲ್ಲ. ಎದೆಯ ಮೇಲಿನ ಮುಖ ಹಾಗಲ್ಲ. ಅದು ಬಟ್ಟೆಯನ್ನು ಗುರುತು ಹಾಕುವುದಿಲ್ಲ, ತೊಟ್ಟವನನ್ನು ಗುರುತು ಹಾಕುತ್ತದೆ. ಹೋದ ವರ್ಷ ನಮಗೆ ದುಡ್ಡು ಕೊಟ್ಟವರು ದುಡ್ಡನ್ನು ವಾಪಸ್ ಕೇಳಲಿಲ್ಲ, ಹುಡುಗರನ್ನು ಕೇಳಿದರು. ನಾವು ಕೊಟ್ಟೆವು. ತೆರಿಗೆಯ ಪ್ರಶ್ನೆ ನಮ್ಮ ವಿಷಯದಲ್ಲಿ ಇರಲೇ ಇಲ್ಲ. ಯಾರ ರೂಪದಲ್ಲಿ ಸೃಷ್ಟಿಯಾದವರನ್ನು ಯಾರಿಗೆ ಒಪ್ಪಿಸಿದೆವು ಎಂಬ ಪ್ರಶ್ನೆ ಇತ್ತು.

ದೊಡ್ಡ ಕ್ರಿಕೆಟ್ ಆಟಗಾರರು ಎದೆಯ ಮೇಲೆ ಕಂಪನಿಗಳ ಹೆಸರು ಹಾಕಿಕೊಳ್ಳುವುದಿಲ್ಲವೇ ಎಂದೂ ಸಭೆಯಲ್ಲಿ ಬಂತು. ಅವರ ಕರಾರು ಕಾಗದದ ಮೇಲಿರುತ್ತದೆ, ಯಾವತ್ತು ಮುಗಿಯುತ್ತದೆ ಎಂದೂ ಬರೆದಿರುತ್ತದೆ. ನಮ್ಮದು ಎಂದು ಮುಗಿಯುತ್ತದೆಂದು ಯಾರಿಗೂ ಗೊತ್ತಿಲ್ಲ.

ಹೆಚ್ಚು ತೂಕದ ಮಾತು ಹೇಳಿದ್ದು ಹಿರಿಯರೊಬ್ಬರು. ನಾವು ಇಲ್ಲಿ ಮತದಲ್ಲೂ ಕಡಿಮೆ, ಭಾಷೆಯಲ್ಲೂ ಕಡಿಮೆ. ಸ್ಮಶಾನಕ್ಕೆ ಹೋಗುವ ದಾರಿ ಮಳೆಗಾಲದಲ್ಲಿ ಇಂದಿಗೂ ಕೆಸರು. ಶಾಲೆಯಲ್ಲಿ ಕನ್ನಡದ ಮೇಷ್ಟ್ರ ಜಾಗ ಖಾಲಿಯಾದರೆ ತುಂಬಿಸಲು ಯಾರ ಮನೆ ಬಾಗಿಲಿಗೆ ಹೋಗಬೇಕು? "ನಿಮಗೇನಮ್ಮ, ಬರೆದು ಬಿಡ್ತೀರಿ. ನಾಳೆ ಹೆಣ ಹೊರೋರು ನಾವು," ಎಂದರು. ಇದಕ್ಕೆ ನಮ್ಮ ಬಳಿ ಸುಲಭದ ಉತ್ತರವಿಲ್ಲ. ದಾರಿ ನಮ್ಮ ಹಕ್ಕು, ಅರ್ಜಿ ಹಿಡಿದು ಹೋಗೋಣ, ಮತ್ತೆ ಮತ್ತೆ ಹೋಗೋಣ, ಯುವಜನ ಸಂಘವೇ ಮುಂದೆ ನಿಲ್ಲುತ್ತದೆ ಎಂದೆವು. ಅವರು ತಲೆಯಾಡಿಸಿದರು. ಒಪ್ಪಿದರೋ, ಸಾಕಾಯಿತೋ ತಿಳಿಯಲಿಲ್ಲ. ಜೆರ್ಸಿ ಬೇಡ ಎನ್ನುವುದರಿಂದ ಆ ದಾರಿ ಇನ್ನೆರಡು ವರ್ಷ ತಡವಾಗಬಹುದು. ಆ ಬೆಲೆ ಗೊತ್ತಿದ್ದೇ ಬೇಡ ಎನ್ನಬೇಕು.

ಇನ್ನೊಂದು ಮಾತು, ಬಿಎಸ್ಸಿಯಲ್ಲಿ ರಸಾಯನಶಾಸ್ತ್ರ ಓದಿದ ಚಪಲಕ್ಕೆ. ಅಗಸ್ಟಸನ ಕಾಲದಲ್ಲಿ ಒಂದು ರೋಮನ್ ಪೌಂಡ್ ಬೆಳ್ಳಿಯಿಂದ 84 ದೆನಾರಿಯಸ್ ಮಾಡುತ್ತಿದ್ದರು, ಬೆಳ್ಳಿ ಬಹುತೇಕ ಶುದ್ಧ. ಕ್ರಿ.ಶ. 64ರಲ್ಲಿ ನೀರೋ ಅದನ್ನು 96ಕ್ಕೆ ಏರಿಸಿ, ಜೊತೆಗೆ ತಾಮ್ರವನ್ನೂ ಬೆರೆಸಿದ. ಇನ್ನೂರರ ಹೊತ್ತಿಗೆ, ಸೆಪ್ಟಿಮಿಯಸ್ ಸೆವೆರಸನ ಆಳ್ವಿಕೆಯಲ್ಲಿ, ಬೆಳ್ಳಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಕ್ರಿ.ಶ. 270ರ ಸುಮಾರಿಗೆ ಬೆಳ್ಳಿ ನಾಣ್ಯ ಎಂದು ಕರೆಸಿಕೊಳ್ಳುತ್ತಿದ್ದದ್ದರಲ್ಲಿ ನೂರಕ್ಕೆ ಐದು ಪಾಲೂ ಬೆಳ್ಳಿ ಇರಲಿಲ್ಲ. ಆದರೆ ಚಕ್ರವರ್ತಿಯ ಮುಖ ಒಂದು ವರ್ಷವೂ ತಪ್ಪಲಿಲ್ಲ. ಇದನ್ನು ಮರೆಮಾಡುವ ಉಪಾಯವೂ ಇತ್ತು. ತಾಮ್ರ ಬೆರೆತ ಬಿಲ್ಲೆಯನ್ನು ಕಾಯಿಸಿದರೆ ಮೇಲ್ಮೈಯ ತಾಮ್ರ ಗಾಳಿಯೊಡನೆ ಸೇರಿ ಕಪ್ಪಾಗುತ್ತದೆ. ಅದನ್ನು ಹುಳಿ ದ್ರಾವಣದಲ್ಲಿ ಅದ್ದಿದರೆ ಕಪ್ಪು ಕರಗಿ, ಹೊರಗೆ ತೆಳುವಾದ ಬೆಳ್ಳಿಯ ಸಿಪ್ಪೆ ಮಾತ್ರ ಉಳಿಯುತ್ತದೆ. ಅದರ ಮೇಲೆ ಅಚ್ಚು ಹೊಡೆದರೆ ಫಳಫಳ. ನೀರಿನಲ್ಲಿ ಮುಳುಗಿಸಿ ತೂಗಿದರೆ ಗುಟ್ಟು ರಟ್ಟಾಗುತ್ತದೆ, ಯಾಕೆಂದರೆ ಬೆಳ್ಳಿಯ ಸಾಂದ್ರತೆ 10.5, ತಾಮ್ರದ್ದು 9ಕ್ಕಿಂತ ಸ್ವಲ್ಪ ಕಡಿಮೆ.

ಇದು ದೂರದ ರೋಮಿನ ಕಥೆ ಮಾತ್ರವಲ್ಲ. ನಮ್ಮ ಮನೆಯ ಅಜ್ಜಿಯ ಪೆಟ್ಟಿಗೆಯಲ್ಲಿ ಆರನೇ ಜಾರ್ಜ್ ದೊರೆಯ ರೂಪಾಯಿಗಳಿವೆ. 1940ಕ್ಕೆ ಮೊದಲಿನ ರೂಪಾಯಿಯಲ್ಲಿ ನೂರಕ್ಕೆ 91 ಪಾಲಿಗೂ ಮೇಲೆ ಬೆಳ್ಳಿ. 1940ರಿಂದ ಅರ್ಧಕ್ಕರ್ಧ. 1947ರದ್ದರಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್. ದೊರೆಯ ತಲೆ ಮಾತ್ರ ಹಾಗೇ ಇದೆ. ಅಜ್ಜಿ ಕಣ್ಣು ಮುಚ್ಚಿಕೊಂಡು, ಕಲ್ಲಿನ ಮೇಲೆ ಬೀಳಿಸಿ, ಸದ್ದಿನಿಂದಲೇ ಯಾವುದು ಯಾವುದೆಂದು ಹೇಳುತ್ತಾರೆ.

ನಮ್ಮ ಸಂಘದ ಹೆಸರಿನಲ್ಲಿ ಒಬ್ಬ ಸಂತರಿದ್ದಾರೆ, ಬ್ಯಾನರಿನಲ್ಲಿ ಶಿಲುಬೆ ಇದೆ. ಹೋದ ವರ್ಷದ ಲೆಕ್ಕ ತೆಗೆದು ನೋಡಿದೆವು. ಪಂದ್ಯಾವಳಿ, ಫ್ಲೆಕ್ಸ್, ಧ್ವನಿವರ್ಧಕಕ್ಕೆ ಹೋದ ಹಣ ಪುಟದ ತುಂಬ ಇದೆ. ರೋಗಿಗಳ ಭೇಟಿಗೆ ಎಂಬ ತಲೆಬರಹದ ಕೆಳಗೆ ಇದ್ದದ್ದು ಎರಡು ಸಲದ ಹಣ್ಣಿನ ಖರ್ಚು. ಅಜ್ಜಿ ನಮ್ಮನ್ನು ಕಲ್ಲಿನ ಮೇಲೆ ಬೀಳಿಸಿದ್ದರೆ ಎಂಥ ಸದ್ದು ಬರುತ್ತಿತ್ತೋ.

ಬ್ರೂಟಸನ ನಾಣ್ಯ ನೋಡಿ ನಗು ನಿಂತದ್ದೂ ಇದಕ್ಕೇ. ಮುಖಂಡರ ಚಿತ್ರ ಬೇಡ ಎಂದು ಜೋರಾಗಿ ವಾದಿಸುತ್ತಿದ್ದವರ ಹಿಂದಿನ ಗೋಡೆಗೆ ಹೋದ ವರ್ಷದ ನಮ್ಮದೇ ಹಬ್ಬದ ಫ್ಲೆಕ್ಸ್ ಸುತ್ತಿ ಒರಗಿಸಿತ್ತು. ಯಾರೋ ಬಿಚ್ಚಿದರು. ಮೂಲೆಯಲ್ಲಿ ಪುಟ್ಟದಾಗಿ ನಮ್ಮ ಪಾಲಕ ಸಂತರು. ನಡುವೆ, ಕಪ್ಪು ಕನ್ನಡಕ ಹಾಕಿಕೊಂಡ ಪದಾಧಿಕಾರಿಗಳು, ಎಂಟು ಮಂದಿ. ಸಾಲಿನ ಮೊದಲ ಮುಖ ಈ ಲೇಖನ ಬರೆಯುತ್ತಿರುವವರದು. ವ್ಯಾಟಿಕನ್ ನಗರ ಹೊರಡಿಸುವ ಯೂರೋ ನಾಣ್ಯಗಳಲ್ಲಿ ಪೋಪರ ಮುಖ ಇರುತ್ತಿತ್ತು. 2017ರಿಂದ ಪೋಪ್ ಫ್ರಾನ್ಸಿಸರ ಮುಖ ಬೇಡವೆಂದು, ಅದರ ಬದಲು ಅವರ ಲಾಂಛನವನ್ನು ಹಾಕಲಾಯಿತು. ಈ ಸುದ್ದಿ ನಮಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೇ ಆ ಫ್ಲೆಕ್ಸಿಗೆ ಫೋಟೋ ಕಳಿಸಿದ್ದೆವು.

ಹಾಗಾಗಿ ಸಭೆಯ ಮುಂದೆ ಇಡಲಿರುವ ಪ್ರಸ್ತಾಪ ಹೀಗಿದೆ. ಈ ಸಲ ಎದೆಯ ಮೇಲೆ ಯಾರ ಮುಖವೂ ಬೇಡ, ಗೇಟಿನ ಬಳಿಯೂ ಬೇಡ, ನಮ್ಮದೂ ಸೇರಿ. ಆ ಮುಖಂಡರಾಗಲಿ, ಇನ್ನೊಂದು ಪಕ್ಷದವರಾಗಲಿ, ಕಾಣಿಕೆ ಕೊಡಬೇಕೆನಿಸಿದರೆ ಎಲ್ಲರಂತೆ ಧರ್ಮಕೇಂದ್ರದ ಕಚೇರಿಯಲ್ಲಿ ರಸೀದಿ ಪಡೆದು ಕೊಡಲಿ, ಸಂತೋಷದಿಂದ ತೆಗೆದುಕೊಳ್ಳೋಣ. ಆಗ ಎಷ್ಟು ಬರುತ್ತದೆಯೋ ಕಾದು ನೋಡಬೇಕು. ಕಡಿಮೆ ಬಂದರೆ ಮೊದಲ ಬಹುಮಾನಕ್ಕೆ ಬಾಳೆಗೊನೆಯೂ ಒಂದು ಹುಂಜವೂ ಸಾಕು. ನಮ್ಮ ಅಪ್ಪಂದಿರ ಕಾಲದಲ್ಲಿ ಅದಕ್ಕೇ ಮಂಡಿ ತರಚಿಕೊಂಡು ಆಡುತ್ತಿದ್ದರಂತೆ. ಮಾತು ಬಿಟ್ಟಿರುವ ಮನೆಗಳಿಗೆ ಹೋಗಿ, ಆ ಸಂದೇಶ ಹಾಕಿದ್ದು ನಮ್ಮ ತಪ್ಪು ಎಂದು ಹೇಳುವ ಕೆಲಸ ಸಭೆಗೆ ಮೊದಲೇ ಆಗಬೇಕು. ಒಂದು ಮನೆಗೆ ಹೋಗಿ ಬಂದೆವು, ಕಾಫಿ ಕೊಟ್ಟರು. ಇನ್ನೊಂದಕ್ಕೆ ಇನ್ನೂ ಧೈರ್ಯ ಬಂದಿಲ್ಲ.

ಹೋದ ವಾರ ಅರಿಶಿನದ ಹೊಲದ ಬದುವಿನಲ್ಲಿ ನಮ್ಮ ಸಂಘದ ಒಬ್ಬ ಹುಡುಗ ಸಿಕ್ಕಿದ. ಕೂಲಿಗೆ ಬಂದಿದ್ದ. ಮೈಮೇಲೆ ಅದೇ ನೀಲಿ ಜೆರ್ಸಿ. ಒಗೆದು ಒಗೆದು ಎದೆಯ ಮೇಲಿನ ಚಿತ್ರ ಬಿರುಕುಬಿಟ್ಟಿದೆ. ಮೂಗಿನ ಕೆಳಗೆ ಏನೂ ಉಳಿದಿಲ್ಲ, ಮುಗಿದ ಕೈಗಳು ಮಾತ್ರ ಇವೆ. ನಮ್ಮ ಮುಖ ನೋಡಿ ಅವನಿಗೆ ಏನನಿಸಿತೋ, "ಬಟ್ಟೆ ಗಟ್ಟಿಯಾಗದೆ ಅಕ್ಕ, ಬಿಸಾಕಕ್ಕೆ ಮನಸ್ಸು ಬರಲ್ಲ," ಎಂದ. ಬಿಸಾಕಬೇಡ ಎಂದೆವು. ಅವನಿಗೆ ಇರುವುದು ಮೂರೇ ಅಂಗಿ ಎಂದು ನಮಗೆ ಗೊತ್ತಾದದ್ದು ಆಮೇಲೆ, ಬೇರೆಯವರಿಂದ.

ಸಭೆ ಬರುವ ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ, ಶಾಲೆಯ ಹಿಂದಿನ ಹಾಲ್‌ನಲ್ಲಿ. ಹಿರಿಯರೂ ಬರಬೇಕು. ಹೋದ ವರ್ಷದ ಲೆಕ್ಕದ ಪುಸ್ತಕವನ್ನು ತರುತ್ತೇವೆ. ಸ್ಮಶಾನದ ದಾರಿಯ ಅರ್ಜಿಗೆ ಸಹಿ ಹಾಕಲು ಪೆನ್ನು ತನ್ನಿ.